ಬಳ್ಳಾರಿಯ ರಸ್ತೆಯಂಚಿನ ಕಸ: ಕೀಳುವವರು ಹಲವರು, ಹೂ ಬಿಡುವ ಹೊತ್ತು ಒಂದೇ

ನಮ್ಮ ಕಡೆ ಹೊಲದ ಕಳೆ ಕೀಳುವುದಕ್ಕೂ ಕಸ ತೆಗೆಯುವುದು ಅಂತಲೇ ಹೇಳುತ್ತಾರೆ. ಮನೆ ಮುಂದೆ ಗುಡಿಸಿ ಗಾಡಿಗೆ ಹಾಕುವುದೂ ಕಸವೇ. ಮಾತಿನಲ್ಲಿ ಇದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ಕಡತದಲ್ಲಿ ಆಗುತ್ತದೆ. ಗುಡಿಸುವ ಕಸ ಪಾಲಿಕೆಯ ಆರೋಗ್ಯ ಶಾಖೆಗೆ, ರಸ್ತೆ ಮತ್ತು ಚರಂಡಿ ಕಾಮಗಾರಿ ಎಂಜಿನಿಯರಿಂಗ್ ಶಾಖೆಗೆ, ಪಾರ್ಕಿನ ಹುಲ್ಲು ಇನ್ನೊಬ್ಬರಿಗೆ. ರಸ್ತೆಯಂಚಿನಲ್ಲಿ ತಾನಾಗಿ ಹುಟ್ಟುವ ಕಾಂಗ್ರೆಸ್ ಕಸ (ಪಾರ್ಥೇನಿಯಂ), ಉತ್ತರಾಣಿ, ಎಕ್ಕ, ಜಾಲಿ ಮಾತ್ರ ಯಾವ ಶಾಖೆಯ ಪಾಲಿಗೂ ಪೂರ್ತಿ ಬೀಳುವುದಿಲ್ಲ. ದೂರು ಹೆಚ್ಚಾದಾಗ ಒಂದು ಜೆಸಿಬಿ ಬರುತ್ತದೆ, ಅಷ್ಟೆ.

ಇದು ಒಂದೇ ಕಚೇರಿಯ ಒಳಗಿನ ಮಾತು. ಕಚೇರಿ ದಾಟಿದರೆ ಇನ್ನೂ ಸೋಜಿಗ. ಬಳ್ಳಾರಿಯ ಸಿರುಗುಪ್ಪ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ, ಹೊಸಪೇಟೆ ರಸ್ತೆ ಹೆದ್ದಾರಿ 67. ಇಂಥ ರಸ್ತೆ ಊರೊಳಗೆ ಹಾಯುವಲ್ಲಿ ಈ ಬದಿಯಿಂದ ಆ ಬದಿಗೆ ಒಂದು ಹಗ್ಗ ಹಿಡಿದು ನೋಡಿ. ನಡುವಿನ ಡಿವೈಡರ್ ಮತ್ತು ಡಾಂಬರು ಹೆದ್ದಾರಿಯವರ ಲೆಕ್ಕ. ಡಾಂಬರು ಮುಗಿದ ಮೇಲಿನ ಮಣ್ಣಿನ ಅಂಚು ಕಾಗದದ ಮೇಲೆ ಅವರದೇ, ಆದರೆ ಅಲ್ಲಿ ಬಂಡಿ ಅಂಗಡಿಯಿಂದ ನೆಲಬಾಡಿಗೆ ಎತ್ತುವುದು ಪಾಲಿಕೆ. ಚರಂಡಿ ಕಟ್ಟಿದವರು ಒಬ್ಬರು, ಹೂಳು ಎತ್ತುವವರು ಇನ್ನೊಬ್ಬರು. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಬುಡ ವಿದ್ಯುತ್ ಕಂಪನಿ ಜೆಸ್ಕಾಂನದು. ಅದರಾಚೆ ಖಾಲಿ ಸೈಟು. ಮಾಲೀಕರು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಮೂವತ್ತು ಮೀಟರ್ ಹಗ್ಗಕ್ಕೆ ನಾಲ್ಕೈದು ಜನ ಒಡೆಯರು. ಊರಂಚಿಗೆ ಹೋದರೆ ಪಾಲಿಕೆಗೆ ಇನ್ನೂ ಹಸ್ತಾಂತರವಾಗದ ಲೇಔಟು, ರೈಲ್ವೆ ಜಾಗ, ಕೊಳಗಲ್ಲು ರಸ್ತೆಯ ಕಡೆ ತುಂಗಭದ್ರಾ ಮೇಲ್ಮಟ್ಟದ ಕಾಲುವೆ, ಆಮೇಲೆ ಗ್ರಾಮ ಪಂಚಾಯಿತಿಯ ಹದ್ದು.

ಕಾನೂನು ಇಲ್ಲವೆಂದಲ್ಲ. 1976ರ ಮಹಾನಗರ ಪಾಲಿಕೆ ಕಾಯ್ದೆಯಲ್ಲೂ 1964ರ ಪುರಸಭೆಗಳ ಕಾಯ್ದೆಯಲ್ಲೂ ಅಪಾಯಕಾರಿ ಗಿಡಗಂಟಿ ತೆಗೆಸುವುದು ಸ್ಥಳೀಯ ಸಂಸ್ಥೆಯ ಕಡ್ಡಾಯ ಕೆಲಸಗಳ ಸಾಲಿನಲ್ಲಿದೆ. ಇನ್ನೊಂದು ಸಂಗತಿ ಅನೇಕರಿಗೆ ನೆನಪಿಲ್ಲ: ಕರ್ನಾಟಕ ಸರ್ಕಾರ 1975ರಲ್ಲೇ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಪಾರ್ಥೇನಿಯಂ ಅನ್ನು ಅಪಾಯಕಾರಿ ಕಳೆ ಎಂದು ಘೋಷಿಸಿದೆ. ಈ 1968ರ ಕಾಯ್ದೆ ಹೊಣೆ ಹಾಕುವುದು ಜಾಗ ಯಾರ ವಶದಲ್ಲಿದೆಯೋ ಅವರ ಮೇಲೆ. ಸೈಟಿನ ಮಾಲೀಕನಂತೆ ಇಲಾಖೆಯೂ ಜಾಗ ಹಿಡಿದವನೇ. ಆದರೆ ಅದು ಹೊಲವನ್ನು ಕಣ್ಣಲ್ಲಿಟ್ಟು ಬರೆದ ಕಾಯ್ದೆ. ಜಾರಿ ಕೃಷಿ ಇಲಾಖೆಯ ಕೈಯಲ್ಲಿ. ಊರಿನ ರಸ್ತೆಗೆ ಕೃಷಿ ಅಧಿಕಾರಿ ಬಂದು ನೋಟಿಸ್ ಕೊಡುವುದನ್ನು ನಿರೀಕ್ಷಿಸುವುದು ವ್ಯರ್ಥ.

ಹಾಗಾದರೆ ಹಂಚಿಕೊಳ್ಳಬೇಕಾದದ್ದು ಏನನ್ನು? ಸಭೆ ಕರೆದಾಗಲೆಲ್ಲ ರಸ್ತೆಗಳ ಪಟ್ಟಿ ಹಂಚುತ್ತಾರೆ: ಇವು ನಿಮ್ಮವು, ಇವು ನಮ್ಮವು. ಪಟ್ಟಿ ಬೇಕು, ನಿಜ. ಆದರೆ ಪಟ್ಟಿ ಪಕ್ಕಾ ಇದ್ದೂ ಕೆಲಸ ಕೆಡುವುದು ದಿನಾಂಕದಲ್ಲಿ. ಪಾಲಿಕೆ ಜುಲೈನಲ್ಲಿ ತನ್ನ ಚರಂಡಿ ಬದಿ ಕಿತ್ತು, ಪಕ್ಕದ ಮಣ್ಣಿನ ಅಂಚನ್ನು ಹೆದ್ದಾರಿಯವರು ಸೆಪ್ಟೆಂಬರ್‌ನಲ್ಲಿ ಕತ್ತರಿಸಿದರೆ ಇಬ್ಬರ ದುಡ್ಡೂ ಚರಂಡಿಗೆ ಹೋದಂತೆ. ಯಾಕೆಂದರೆ ಕಾಂಗ್ರೆಸ್ ಕಸ ಮೊಳೆತ ನಾಲ್ಕರಿಂದ ಆರು ವಾರದಲ್ಲಿ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ದಿಂದ 25,000 ಬೀಜ ಉದುರಿಸಬಲ್ಲದು. ಬೀಜ ಹಗುರ, ಮಳೆನೀರು, ಲಾರಿ ಗಾಲಿ, ಕಸಬರಿಗೆ ಯಾವುದಾದರೂ ಸಾಕು ಒಯ್ಯಲಿಕ್ಕೆ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಬ್ಬರ ತಡ ಇನ್ನೊಬ್ಬರ ಮುಂದಿನ ವರ್ಷದ ಬಿತ್ತನೆ.

ಆ ದಿನಾಂಕ ಕ್ಯಾಲೆಂಡರಿನಲ್ಲಿ ಇರುವುದಿಲ್ಲ, ಮಳೆಯಲ್ಲಿ ಇರುತ್ತದೆ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿ.ಮೀ.; ಅದರಲ್ಲೂ ಸೆಪ್ಟೆಂಬರ್ ಮುಖ್ಯ. ಹೀಗಾಗಿ ಕಸ ಎರಡು ಸಲ ಎದ್ದು ಬರುತ್ತದೆ: ಮೃಗಶಿರಾ, ಆರಿದ್ರಾ ಮಳೆಗೆ ಒಮ್ಮೆ, ಹುಬ್ಬ, ಉತ್ತರಿ ಮಳೆಗೆ ಮತ್ತೊಮ್ಮೆ. ನೆಲ ನೆನೆಯುವಂಥ ಮೊದಲ ಮಳೆ ಬಿದ್ದ ದಿನದಿಂದ ಎಣಿಸಿ 20ರಿಂದ 30ನೇ ದಿನದೊಳಗೆ ಎಲ್ಲರೂ ತಮ್ಮ ತಮ್ಮ ಅಂಚು ಕೀಳಬೇಕು. ಇದೇ ಲೆಕ್ಕ ಉತ್ತರಿ ಮಳೆಗೂ. ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಒಳ್ಳೆಯದೇ. ಆದರೆ ಜೂನ್ ಮಳೆಗೆ ಹುಟ್ಟಿದ ಗಿಡ ಅಷ್ಟರೊಳಗೆ ಬೀಜ ಉದುರಿಸಲು ತೊಡಗಿರುತ್ತದೆ. ಫೋಟೋದಲ್ಲಿ ಎಲ್ಲರ ಕೈಯಲ್ಲಿರುವ ಗಿಡದ ಮೇಲೆ ಬಿಳಿ ಹೂ ಎದ್ದು ಕಾಣುತ್ತದೆ.

ಈ ಹತ್ತು ದಿನದಲ್ಲೂ ಕೀಳಲು ಬರುವ ದಿನ ಇನ್ನೂ ಕಡಿಮೆ. ಎರೆಮಣ್ಣು ಮಳೆ ಬಿದ್ದ ಮರುದಿನ ಕಾಲಿಗೆ ಅಂಟುತ್ತದೆ, ಇಳಿಯಲಾಗದು. ವಾರ ಬಿಟ್ಟರೆ ಕಲ್ಲಾಗುತ್ತದೆ. ಜಗ್ಗಿದರೆ ಗಿಡ ಬುಡದಲ್ಲಿ ಪಟ್ಟನೆ ಮುರಿದು ಬೇರು ಒಳಗೇ ಉಳಿಯುತ್ತದೆ. ಎರಡನೇ ದಿನದಿಂದ ನಾಲ್ಕೈದನೇ ದಿನದ ನಡುವೆ ಹದ. ಆಗ ಕೈಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆದರೆ ತಾಯಿಬೇರು ಸಮೇತ ಬರುತ್ತದೆ. ಹದ ತಪ್ಪಿದರೆ ಕುರ್ಚಿಗಿ ಬೇಕು, ಆಳು ಇಮ್ಮಡಿ ಬೇಕು. ಹೊಲ ಮಾಡುವವರಿಗೆಲ್ಲ ಇದು ಗೊತ್ತಿರುವ ಮಾತು. ಟೆಂಡರ್ ಬರೆಯುವವರು ಮಾತ್ರ ಕಾರ್ಯಾದೇಶಕ್ಕೆ ಒಂದು ತಾರೀಖು ಹಾಕಿ, ಮಳೆ ಅದಕ್ಕೆ ಒಪ್ಪುತ್ತದೆಂದು ನಂಬುತ್ತಾರೆ. ಕಾರ್ಯಾದೇಶ ಮೇ ತಿಂಗಳಲ್ಲೇ ಸಿದ್ಧವಾಗಿದ್ದು, ಫೋನ್ ಮಾಡಿದ 48 ತಾಸಿನಲ್ಲಿ ಆಳು ಇಳಿಸಬೇಕೆಂಬ ಷರತ್ತು ಅದರಲ್ಲಿರಬೇಕು.

ಕೀಳುವುದಕ್ಕಿಂತ ಮೊದಲು ಹೂಳಿನ ಮಾತು ಆಡಬೇಕು. ಡಾಂಬರಿನ ಮೇಲೆ ಗಿಡ ಹುಟ್ಟುವುದಿಲ್ಲ. ಕರ್ಬ್ ಕಲ್ಲಿಗೂ ಡಾಂಬರಿಗೂ ನಡುವೆ ಕೂತ ಎರಡು ಬೆರಳು ಮಣ್ಣಿನಲ್ಲಿ ಹುಟ್ಟುತ್ತದೆ. ಆ ಮಣ್ಣು ಬರುವುದು ಗದ್ದೆಯಿಂದ ಹೊರಟ ಟ್ರ್ಯಾಕ್ಟರ್ ಗಾಲಿಯಿಂದ, ಮುಚ್ಚಳವಿಲ್ಲದ ಗರಸಿನ ಲಾರಿಯಿಂದ, ಅದಿರಿನ ಧೂಳಿನಿಂದ, ಕೇಬಲ್ ಹಾಕಲು ಅಗೆದು ಅರ್ಧಂಬರ್ಧ ಮುಚ್ಚಿದ ಕಾಲುವೆಯಿಂದ. 20 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ ಮಣ್ಣಿನ ಪಟ್ಟಿ ಒಂದು ಕಿ.ಮೀ. ಉದ್ದಕ್ಕೆ 6 ಘನ ಮೀಟರ್ ಆಗುತ್ತದೆ, ಎರಡೂ ಬದಿ ಸೇರಿ 12. ಅಂದರೆ ಸುಮಾರು ನಾಲ್ಕು ಟ್ರ್ಯಾಕ್ಟರ್ ಟ್ರೇಲರ್. ಮಳೆಗೆ ಮೊದಲು ಇದನ್ನು ಸಲಿಕೆಯಿಂದ ಕೆರೆದು ಎತ್ತಿಬಿಟ್ಟರೆ ಆ ಅಂಚಿನಲ್ಲಿ ಕೀಳುವ ಕೆಲಸವೇ ಅರ್ಧ ಇಳಿಯುತ್ತದೆ. ದಿನಾ ಗುಡಿಸುವ ಕಸಬರಿಗೆಗೆ ಈ ಮಣ್ಣು ಬರುವುದಿಲ್ಲ, ಅದು ಗಟ್ಟಿಯಾಗಿ ಕೂತಿರುತ್ತದೆ. ಪೌರಕಾರ್ಮಿಕರನ್ನು ಬೈದು ಪ್ರಯೋಜನವಿಲ್ಲ.

ಇದೇ ಊರುಗಳಲ್ಲಿ ಕಸಕ್ಕೆ ಮಡಿ ಹಾಕಿಕೊಡುವ ಇನ್ನೊಂದು ಪದ್ಧತಿ ಇದೆ. ಮೇ ತಿಂಗಳಲ್ಲಿ ಚರಂಡಿ ಹೂಳು ಎತ್ತಿ ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ, ನೀರು ಬಸಿಯಲಿ ಅಂತ. ಬಸಿಯಲು ಎರಡು ದಿನ ಸಾಕು. ಗುಡ್ಡೆ ಮಾತ್ರ ಟ್ರ್ಯಾಕ್ಟರ್ ಬಾಡಿಗೆಯ ಬಿಲ್ ಪಾಸಾಗುವವರೆಗೆ ಅಲ್ಲೇ ಇರುತ್ತದೆ. ಹೋದ ವರ್ಷದ ಬೀಜವೆಲ್ಲ ಮಳೆನೀರಿನ ಜೊತೆ ಹರಿದು ಸೇರಿದ್ದೇ ಆ ಹೂಳಿಗೆ. ಅದಕ್ಕೆ ಗೊಬ್ಬರದ ಸತ್ವವೂ ಇದೆ. ಮೊದಲ ಮಳೆಗೆ ಗುಡ್ಡೆಯ ಮೈತುಂಬ ಸಸಿ. ಹೂಳು ಎತ್ತುವ ಗುತ್ತಿಗೆಯಲ್ಲೇ ಸಾಗಣೆಯನ್ನೂ ಸೇರಿಸಿ, ಎತ್ತಿದ 48 ತಾಸಿನೊಳಗೆ ಒಯ್ಯದಿದ್ದರೆ ಅಷ್ಟುದ್ದದ ಬಿಲ್ ತಡೆಯುವುದು ಒಂದೇ ದಾರಿ. ಆ ಹೂಳನ್ನು ಗ್ರಾಮ ಪಂಚಾಯಿತಿ ಹದ್ದಿನ ರಸ್ತೆಯಂಚಿಗೆ ಸುರಿದು ಬಂದರೆ ಪಾಲಿಕೆಯ ಕಸ ಪಂಚಾಯಿತಿಗೆ ಹೋಯಿತು. ಗಾಳಿ, ಗಾಲಿ ಅದನ್ನು ವಾಪಸ್ ತರುತ್ತವೆ.

ಈಗ ಜಂಗಲ್ ಕಟಿಂಗ್. ಎಸ್ಟಿಮೇಟಿನಲ್ಲಿ ಈ ಕೆಲಸಕ್ಕೆ ಇರುವ ಹೆಸರೇ ಇದು, ತೊಂದರೆಯೂ ಹೆಸರಿನಲ್ಲೇ ಇದೆ. ದರ ಇರುವುದು ಕತ್ತರಿಸಿದ ಜಾಗದ ಅಳತೆಗೆ. ತೆಳು ಪೊದೆಗೆ ಒಂದು ದರ, ಮುಳ್ಳಿನ ಪೊದೆಗೆ ಅದಕ್ಕಿಂತ ಹೆಚ್ಚಿನ ದರ. ಗಿಡ ಮೊಣಕಾಲೆತ್ತರ ಬರುವ ಮೊದಲೇ ಕಿತ್ತವನಿಗೆ ಎಂ.ಬಿ.ಯಲ್ಲಿ (ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕದಲ್ಲಿ) ಬರೆಸಲು ಏನೂ ಇರುವುದಿಲ್ಲ. ಎದೆಯೆತ್ತರ ಬಿಟ್ಟು ಕತ್ತರಿಸಿದವನಿಗೆ ಫೋಟೋ ಚೆನ್ನಾಗಿ ಬರುತ್ತದೆ. ಕತ್ತರಿಸಿದ ಕಾಂಗ್ರೆಸ್ ಕಸ ಬುಡದಿಂದ ನಾಲ್ಕು ಕವಲು ಚಿಗುರಿ, ಗೇಣುದ್ದದಲ್ಲೇ ಮತ್ತೆ ಹೂ ಬಿಡುತ್ತದೆ. ಆಗ ಕಟಿಂಗ್ ಯಂತ್ರದ ತಂತಿಗೂ ಸಿಗುವುದಿಲ್ಲ. ನಮ್ಮ ಅಭಿಪ್ರಾಯ ಸ್ಪಷ್ಟ: ಬಿಲ್ಲನ್ನು ಕತ್ತರಿಸಿದ ಚದರ ಮೀಟರಿಗೆ ಕೊಡುವುದು ನಿಲ್ಲಬೇಕು. ಕೆಲಸ ಮುಗಿದ 15ನೇ ದಿನ ಯಾವುದಾದರೂ 100 ಮೀಟರ್ ಆರಿಸಿ, ಹೂವಿರುವ ಗಿಡ ಎಷ್ಟಿವೆ ಎಣಿಸಬೇಕು. ಐದರೊಳಗಿದ್ದರೆ ಪೂರ್ತಿ ಹಣ, ಇಪ್ಪತ್ತರೊಳಗಿದ್ದರೆ ಅರ್ಧ, ಮೇಲಿದ್ದರೆ ಮತ್ತೊಮ್ಮೆ ಕೆಲಸ. ಸಂಖ್ಯೆಯನ್ನು ಊರಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು. ಎಣಿಸುವವರು ಪಕ್ಕದ ಸಂಸ್ಥೆಯವರಾಗಿರಲಿ: ಪಾಲಿಕೆಯ ಅಂಚನ್ನು ಲೋಕೋಪಯೋಗಿಯವರು, ಅವರ ಅಂಚನ್ನು ಪಾಲಿಕೆಯವರು.

ಬ್ರಷ್ ಕಟರ್ ಬೇಡವೆಂದಲ್ಲ. ಗರಿಕೆ, ಹುಲ್ಲು ಇರುವ ಅಗಲವಾದ ಮಣ್ಣಿನ ಅಂಚಿಗೆ ಅದು ಬೇಕೇ ಬೇಕು, ಅಲ್ಲಿ ಬೇರು ಕೀಳಬಾರದು ಕೂಡ, ಮಣ್ಣು ಕೊಚ್ಚಿಹೋಗುತ್ತದೆ. ಕರ್ಬ್ ಕಲ್ಲಿನ ಪಕ್ಕ ನೈಲಾನ್ ತಂತಿಯ ತಲೆ, ಎಳೆ ಜಾಲಿಗೆ ಲೋಹದ ಬ್ಲೇಡ್. ಬ್ಲೇಡ್ ಕಲ್ಲಿಗೆ ತಾಗಿದರೆ ಚೂರು ಸಿಡಿದು ನಿಂತ ಕಾರಿನ ಗಾಜು ಹೋಗುತ್ತದೆ; ಸುತ್ತ 15 ಮೀಟರ್ ಜನ, ಗಾಡಿ ಇರಬಾರದು. ಆದ್ದರಿಂದ ಊರೊಳಗೆ ಬೆಳಗಿನ ಎಂಟರೊಳಗೆ ಈ ಕೆಲಸ ಮುಗಿಯಬೇಕು. ಪೆಟ್ರೋಲಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸದೆ ಓಡಿಸಿ ಪಿಸ್ಟನ್ ಹಿಡಿದುಕೊಂಡ ಯಂತ್ರಗಳು ಬೇಕಾದಷ್ಟು ಕಚೇರಿಗಳ ಗೋದಾಮಿನಲ್ಲಿ ಬಿದ್ದಿರುತ್ತವೆ.

ಬಳ್ಳಾರಿ ಜಾಲಿಯ ಕತೆ ಬೇರೆ. ಊರಿನ ಹೆಸರನ್ನೇ ಹೊತ್ತ ಈ ಗಿಡ ದಕ್ಷಿಣ ಅಮೆರಿಕದ ಕಡೆಯದು. ಕಾಯಿ ಸಿಹಿ, ಆಡು, ದನ ತಿಂದು ಬೀಜವನ್ನು ಊರೆಲ್ಲ ಹಂಚುತ್ತವೆ. ರೈಲ್ವೆ ಹಳಿಯ ಬದಿ, ಕಾಲುವೆ ಏರಿ, ಖಾಲಿ ಸೈಟು ಇದರ ನೆಲೆ. ನೆಲಮಟ್ಟಕ್ಕೆ ಕಡಿದರೆ ಸಾಯುವುದಿಲ್ಲ, ಒಂದು ಕಾಂಡವಿದ್ದದ್ದು ಹತ್ತಾಗುತ್ತದೆ. ಚಿಗುರುವ ಮೊಗ್ಗು ಇರುವುದು ಬುಡದ ಗಂಟಿನಲ್ಲಿ, ನೆಲದೊಳಗೆ ಒಂದು ಅಡಿಯವರೆಗೆ. ಆ ಗಂಟು ಹೊರಬಂದರೆ ಮಾತ್ರ ಕೆಲಸವಾಯಿತು. ಕಟ್ಟಿಗೆಗೆ, ಇದ್ದಿಲಿಗೆ ಬೇಡಿಕೆ ಇರುವುದರಿಂದ ಹಲವೆಡೆ ಹರಾಜಿಗೆ ಕೊಡುತ್ತಾರೆ. ಹಿಡಿದವರು ಕಟ್ಟಿಗೆ ಒಯ್ದು ಬುಡ ಬಿಡುತ್ತಾರೆ, ಎರಡು ವರ್ಷಕ್ಕೆ ಮತ್ತೆ ಹರಾಜು. ಅವರಿಗೆ ಅದು ಬೆಳೆ. ಠೇವಣಿಯನ್ನು ಬುಡದ ಲೆಕ್ಕಕ್ಕೆ ಕಟ್ಟಿಸಿಕೊಂಡು, ಮುಂದಿನ ಮಳೆಗಾಲದಲ್ಲಿ ಚಿಗುರಿಲ್ಲವೆಂದು ನೋಡಿದ ಮೇಲೆ ವಾಪಸ್ ಕೊಡುವ ಷರತ್ತು ಹಾಕಿದರೆ ಬುಡವೂ ಬರುತ್ತದೆ. ಮುಳ್ಳುಕಂಟಿಯನ್ನು ಅದೇ ದಿನ ಎತ್ತಿಸದಿದ್ದರೆ ಮರುದಿನ ಪಂಕ್ಚರ್ ಅಂಗಡಿಗೆ ಸುಗ್ಗಿ.

ಔಷಧ ಹೊಡೆಯುವ ವಿಚಾರಕ್ಕೆ ಬರೋಣ. ಆಳು ಸಿಗದಿದ್ದಾಗ ಎಲ್ಲರ ಕಣ್ಣೂ ಗ್ಲೈಫೋಸೇಟ್ ಎಂಬ ಕಳೆನಾಶಕದ ಡಬ್ಬಿಯ ಮೇಲೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿ, ಪರವಾನಗಿ ಇರುವ ಪೀಡೆ ನಿಯಂತ್ರಕರ ಮೂಲಕ ಬಿಟ್ಟು ಬೇರೆ ಯಾರೂ ಅದನ್ನು ಬಳಸಬಾರದೆಂದು ನಿರ್ಬಂಧಿಸಿತು. ಗೊಬ್ಬರದ ಅಂಗಡಿಯಿಂದ ತಂದು ಪೌರಕಾರ್ಮಿಕರ ಬೆನ್ನಿಗೆ ಪಂಪು ಕಟ್ಟುವುದು ಆ ಆದೇಶಕ್ಕೆ ವಿರುದ್ಧ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗದಲ್ಲಿ ಇಟ್ಟಿದೆ ಎಂಬುದನ್ನೂ ನೆನಪಿಡಬೇಕು.

ಪರವಾನಗಿದಾರರೇ ಹೊಡೆದರೂ ಲೆಕ್ಕ ತಪ್ಪುತ್ತದೆ. ಲೇಬಲ್ ಮೇಲಿನ ಪ್ರಮಾಣ ಹೆಕ್ಟೇರಿಗೆ. ಉದಾಹರಣೆಗೆ ಹೆಕ್ಟೇರಿಗೆ 3 ಲೀಟರ್ ಔಷಧ, 450 ಲೀಟರ್ ನೀರು ಎಂದಿದೆ ಅಂದುಕೊಳ್ಳಿ. ರಸ್ತೆಯಂಚಿನ 30 ಸೆಂ.ಮೀ. ಪಟ್ಟಿ ಎರಡೂ ಬದಿ ಸೇರಿ ಕಿಲೋಮೀಟರಿಗೆ 600 ಚದರ ಮೀಟರ್, ಅಂದರೆ ಹೆಕ್ಟೇರಿನ ಶೇ 6. ಬೇಕಾಗುವುದು 180 ಮಿ.ಲೀ. ಔಷಧ, 27 ಲೀಟರ್ ನೀರು. 16 ಲೀಟರಿನ ಎರಡು ಪಂಪೂ ತುಂಬುವುದಿಲ್ಲ. ಹತ್ತು ಕಿಲೋಮೀಟರಿಗೆ 20 ಲೀಟರ್ ಔಷಧದ ಬಿಲ್ ಬಂದರೆ ಒಂದೋ ಅದು ಚರಂಡಿಗೆ ಹೋಗಿದೆ, ಇಲ್ಲವೇ ಎಲ್ಲಿಗೂ ಹೋಗಿಲ್ಲ. ಇನ್ನು ನಮ್ಮೂರಿನ ಎರಡು ಶನಿ: ಧೂಳು ಮತ್ತು ಗಡಸು ನೀರು. ಎಲೆ ಮೇಲೆ ಧೂಳು ಕೂತಿದ್ದರೆ ಗ್ಲೈಫೋಸೇಟ್ ಅದಕ್ಕೇ ಅಂಟಿ ಸತ್ವ ಕಳೆದುಕೊಳ್ಳುತ್ತದೆ. ಬೋರಿನ ಗಡಸು ನೀರಿನ ಕ್ಯಾಲ್ಸಿಯಂ ಕೂಡ ಅದನ್ನು ಹಿಡಿದಿಡುತ್ತದೆ. ಗಿಡ ಸಾಯದಿದ್ದಾಗ ಪ್ರಮಾಣ ಇಮ್ಮಡಿ ಮಾಡುತ್ತಾರೆ, ಕಾರಣ ನೀರಿನಲ್ಲಿತ್ತು.

2,4-ಡಿ ಎಂಬ ಇನ್ನೊಂದು ಕಳೆನಾಶಕದ ವಿಷಯದಲ್ಲಿ ಮಾತ್ರ ನೇರವಾಗಿ ಹೇಳುತ್ತೇವೆ: ಊರಂಚಿನ ರಸ್ತೆಗೆ ಬೇಡ. ಹತ್ತಿಗೆ ಅದರ ಆವಿ ತಾಗಿದರೂ ಸಾಕು, ಎಲೆ ಬೆರಳಿನಂತೆ ಸೀಳಿ ಮುರುಟುತ್ತದೆ. ಬಳ್ಳಾರಿ, ರಾಯಚೂರು ಸುತ್ತ ರಸ್ತೆ ದಾಟಿದರೆ ಹತ್ತಿ, ಮೆಣಸಿನಕಾಯಿ. ಪಾಲಿಕೆಯ ಪಂಪಿನ ಗಾಳಿ ಪಂಚಾಯಿತಿಯ ರೈತನ ಹೊಲಕ್ಕೆ ಹೋದರೆ ಹಂಚಿಕೆಯಾಗುವುದು ಹೊಣೆಯಲ್ಲ, ಜಗಳ. ಉಪ್ಪು ನೀರು (ಲೀಟರಿಗೆ 150ರಿಂದ 200 ಗ್ರಾಂ) ಬಿಸಿಲಿನಲ್ಲಿ ಹೊಡೆದರೆ ಎಳೆ ಕಾಂಗ್ರೆಸ್ ಕಸ ಸುಡುತ್ತದೆ, ನಿಜ. ಆದರೆ ನೆಟ್ಟ ಬೇವಿನ ಬುಡಕ್ಕೂ ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೂ ಅದು ಒಳ್ಳೆಯದಲ್ಲ. ಪದೇ ಪದೇ ಬೇಡ.

ಕೀಳುವವರ ಮೈಯ ಚಿಂತೆಯೂ ಗುತ್ತಿಗೆಯಲ್ಲಿ ಬರೆದಿರಬೇಕು. ಪಾರ್ಥೇನಿಯಂ ತಾಗಿ ತಾಗಿ ಕೆಲವರಿಗೆ ಕುತ್ತಿಗೆ, ಮೊಣಕೈ ಮಡಿಕೆ, ಕಣ್ಣಿನ ರೆಪ್ಪೆಯಲ್ಲಿ ತುರಿಕೆ ಶುರುವಾದರೆ ಅದು ಹೋಗುವ ಮಾತಲ್ಲ. ಪ್ರತಿ ಸಲವೂ ಹೆಚ್ಚುತ್ತದೆ. ಮೊಣಕೈವರೆಗಿನ ರಬ್ಬರ್ ಗ್ಲೌಸು, ತುಂಬು ತೋಳಿನ ಅಂಗಿ, ಕೆಲಸ ಮುಗಿದೊಡನೆ ಸೋಪು ನೀರು. ತುರಿಕೆ ಬಂದವರನ್ನು ಈ ಕೆಲಸದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕಬೇಕು, ಕೂಲಿ ಕಡಿಯದೆ. ರಾಜ್ಯದಲ್ಲಿ 700 ಜನಕ್ಕೆ ಒಬ್ಬ ಪೌರಕಾರ್ಮಿಕರು ಎಂಬ ಲೆಕ್ಕವಿದೆ. 2011ರ ಜನಗಣತಿಯ 4.1 ಲಕ್ಷಕ್ಕೇ ಬಳ್ಳಾರಿಗೆ 585ರಷ್ಟು ಜನ ಬೇಕು. ಅದು ದಿನದ ಗುಡಿಸುವಿಕೆ ಮತ್ತು ಸಾಗಣೆಯ ಲೆಕ್ಕ, ಕಳೆ ಅದರಲ್ಲಿಲ್ಲ. ಅವರನ್ನೇ ಎಳೆದು ಕೀಳಲು ಹಚ್ಚಿದರೆ ಎರಡು ವಾರ ಬೀದಿ ನಾರುತ್ತದೆ.

ಬೇಕಾಗುವ ಆಳಿನ ಅಂದಾಜು ಕಷ್ಟವಲ್ಲ. ಹದದಲ್ಲಿ 100 ಮೀಟರ್ ಅಂಚು ಕೀಳಿಸಿ ನೋಡಿ. ಇಬ್ಬರಿಗೆ ಎರಡು ತಾಸು ಹಿಡಿಯಿತು ಅಂದರೆ ನಾಲ್ಕು ಆಳು-ತಾಸು. ಕಿಲೋಮೀಟರಿಗೆ ಎರಡೂ ಬದಿ 80 ಆಳು-ತಾಸು, ಅಂದರೆ ಹತ್ತು ಆಳು. 40 ಕಿ.ಮೀ.ಗೆ 400 ಆಳು. ಹತ್ತು ದಿನದಲ್ಲಿ ಮುಗಿಸಲು ದಿನಕ್ಕೆ 40 ಜನ. ಯಾವ ಒಂದು ಸಂಸ್ಥೆಗೂ ವರ್ಷವಿಡೀ ಈ 40 ಜನ ಬೇಡ. ವರ್ಷಕ್ಕೆ ಎರಡು ಸಲ ಹತ್ತು ದಿನ ಬೇಕು. ಹಂಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಕಾಣೆವು. ಒಂದೇ ತಂಡ, ಒಂದೇ ಗುತ್ತಿಗೆ. ಖರ್ಚು ಮಾತ್ರ ಆಯಾ ಅಂಚಿನ ಉದ್ದಕ್ಕೆ ತಕ್ಕಂತೆ. ತಂಡ ಹಗ್ಗದ ಈ ತುದಿಯಿಂದ ಆ ತುದಿಗೆ ಒಂದೇ ಏಟಿಗೆ ಕೀಳುತ್ತಾ ಹೋಗುತ್ತದೆ, ಯಾರ ಜಾಗವೆಂದು ನೋಡುವುದಿಲ್ಲ. ನೋಡುವುದು ಬಿಲ್ಲಿನಲ್ಲಿ.

ಇದಕ್ಕೆ ಬೇಕಾದ ಕಾಗದ ಎರಡು ಪುಟದ್ದು. ಮೊದಲ ಪುಟ ಅಂಚುಗಳ ಪಟ್ಟಿ. ರಸ್ತೆಯ ಹೆಸರಲ್ಲ, ಅಂಚಿನ ಹೆಸರು: ಡಿವೈಡರ್, ಎಡ ಕರ್ಬ್, ಎಡ ಮಣ್ಣು, ಎಡ ಚರಂಡಿ, ಬಲದ್ದು ಅದೇ ರೀತಿ, ಪ್ರತಿಯೊಂದಕ್ಕೂ ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಯಾರು. ವಿವಾದವಿದ್ದ ಅಂಚನ್ನು ಅರ್ಧರ್ಧ ಎಂದು ಬರೆದು ಮುಂದೆ ಹೋಗುವುದು ಜಾಣತನ. ಒಡೆತನ ತೀರ್ಮಾನವಾಗುವ ತನಕ ಕಾದರೆ ಜಾಲಿ ಮರವಾಗುತ್ತದೆ. ಎರಡನೇ ಪುಟದಲ್ಲಿ ಮಳೆಯಿಂದ ಎಣಿಸುವ ದಿನ, ಎಣಿಕೆಯ ಷರತ್ತು, ಹಣ ಕಟ್ಟುವ ಗಡುವು. ಕೊಪ್ಪಳದಂಥ ನಗರಸಭೆಗಳಿಗೆ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶ ಇದನ್ನು ಕೂಡಿಸಬಹುದು. ಪಾಲಿಕೆ ಇರುವ ಊರಿನಲ್ಲಿ ಜಿಲ್ಲಾಧಿಕಾರಿಯೇ ಕೂತು ಸಹಿ ಹಾಕಿಸಬೇಕಾಗುತ್ತದೆ. ಹೊಸ ರಸ್ತೆಗಳಿಗೆ ಇನ್ನೂ ಸುಲಭ: ದೋಷ ಹೊಣೆ ಅವಧಿಯ (ಕಾಮಗಾರಿ ಮುಗಿದ ಮೇಲೂ ದೋಷವನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಷರತ್ತಿನಲ್ಲೇ ಅಂಚಿನ ಹೂಳು, ಕಳೆ ಎರಡನ್ನೂ ಸೇರಿಸಿದರೆ ಆ ಅವಧಿ ಮುಗಿಯುವ ತನಕ ಗುತ್ತಿಗೆದಾರನೇ ನೋಡಿಕೊಳ್ಳುತ್ತಾನೆ.

ಖಾಲಿ ಸೈಟು ಈ ಕಾಗದದಲ್ಲಿ ಬರುವುದಿಲ್ಲ. ಅಲ್ಲಿ ನೋಟಿಸ್, ಗಡುವು, ಆಮೇಲೆ ಪಾಲಿಕೆಯೇ ಕೀಳಿಸಿ ಖರ್ಚನ್ನು ಆಸ್ತಿ ತೆರಿಗೆಯ ಜೊತೆ ವಸೂಲು ಮಾಡುವುದು. ವಿಳಾಸದಲ್ಲಿ ಮಾಲೀಕರೇ ಇಲ್ಲವೆಂದು ನೋಟಿಸ್ ವಾಪಸ್ ಬಂದಾಗ ಕಡತ ನಿಲ್ಲುತ್ತದೆ. ಸೈಟಿನ ಬೇಲಿಗೇ ಅಂಟಿಸಿ, ಮಹಜರು ಬರೆದು, ಫೋಟೋ ಇಟ್ಟುಕೊಂಡರೆ ಮುಂದಿನ ಸಲ ಖಾತೆ ಬದಲಾವಣೆಗೆ ಅವರೇ ಕೌಂಟರಿಗೆ ಬರುತ್ತಾರೆ, ಬಾಕಿ ಅಲ್ಲಿ ಸಿಗುತ್ತದೆ.

ಕಿತ್ತ ರಾಶಿಯಲ್ಲಿ ಹೂವಿಲ್ಲದ್ದು ಒಣಗಿಸಿ ಕಾಂಪೋಸ್ಟಿಗೆ ಹಾಕಬಹುದು. ಹೂವಿದ್ದದ್ದು ಕಿತ್ತ ಮೇಲೂ ಬೀಜ ಬಲಿಸುತ್ತದೆ, ಅದನ್ನು ಚೀಲದಲ್ಲಿ ಕಟ್ಟಿಯೇ ಒಯ್ಯಬೇಕು. ರಾಶಿಯ ಒಳಗೆ 55ರಿಂದ 60 ಡಿಗ್ರಿ ಕಾವು ಬಂದು, ಹೊರಗಿನದು ಒಳಗೆ ಹೋಗುವಂತೆ ಮಗುಚಿ ಹಾಕಿದ್ದರೆ ಮಾತ್ರ ಬೀಜ ಸಾಯುತ್ತದೆ. ಇಲ್ಲದಿದ್ದರೆ ಆ ಗೊಬ್ಬರ ಪಾರ್ಕಿಗೆ ಹೋಗಿ ಅಲ್ಲಿ ಮೊಳೆಯುತ್ತದೆ. ರಸ್ತೆ ಬದಿ ಬೆಂಕಿ ಹಚ್ಚುವುದು 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ನಿಷಿದ್ಧವಾಗಿತ್ತು, ಇಂದಿಗೂ ಸಂಜೆಯಾದರೆ ಹೊಗೆ ಏಳುತ್ತದೆ.

ರೈಲ್ವೆಗೆ ಬರೆಯುವ ಪತ್ರ ಬಳ್ಳಾರಿ ನಿಲ್ದಾಣಕ್ಕೆ ಕೊಟ್ಟರೆ ಅಲ್ಲೇ ಕೂರುತ್ತದೆ. ಅದು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಹೋಗಬೇಕು, ಅಂಚುಗಳ ಪಟ್ಟಿ ಮತ್ತು ಮೀಟರ್ ಲೆಕ್ಕ ಲಗತ್ತಿಸಿ, ಬೇಸಿಗೆಯಲ್ಲೇ. ಮೃಗಶಿರಾ ಜೂನ್ ಮೊದಲ ವಾರದ ಕೊನೆಗೆ ಹುಟ್ಟುತ್ತದೆ.